ಬೆಂಚಿನ ಮೇಲೆ ಕುಳಿತಿದ್ದ ಅಪ್ಪ

ನಿಮ್ಮ ಮನೆಯಲ್ಲಿ ವಯಸ್ಸಾದ ತಂದೆಯೋ ತಾಯಿಯೋ ಇದ್ದರೆ, ಅವರ ಕಾಯಿಲೆಯ ಪೂರ್ಣ ಸಂಗತಿ ಅವರಿಗೆ ತಿಳಿದಿದೆಯೇ? ಈ ಪ್ರಶ್ನೆಯನ್ನು ನಿಮ್ಮ ಮುಂದಿಡುವ ಮೊದಲು ನನ್ನನ್ನೇ ನಾನು ಕೇಳಿಕೊಳ್ಳಬೇಕಾಗಿದೆ. ಏಕೆಂದರೆ ಮೂರು ವರ್ಷಗಳ ಕಾಲ ನಾನೂ ನನ್ನ ಅಣ್ಣನೂ ನಮ್ಮ ತಂದೆಯವರಿಂದ ಅವರದೇ ದೇಹದ ಸತ್ಯವೊಂದನ್ನು ಮುಚ್ಚಿಟ್ಟಿದ್ದೆವು. ಪ್ರೀತಿಯಿಂದಲೇ ಮುಚ್ಚಿಟ್ಟೆವು. ಆದರೆ ಆ ಪ್ರೀತಿಯ ಬೆಲೆಯನ್ನು ತೆತ್ತವರು ಅವರು, ನಾವಲ್ಲ.

ಅಪ್ಪನದು ಸಕಲೇಶಪುರದಲ್ಲಿ ಒಂದು ಸಣ್ಣ ಸೈಕಲ್ ಅಂಗಡಿ. ಬಾಡಿಗೆ ಸೈಕಲ್ಲು, ಪಂಕ್ಚರು, ರಿಪೇರಿ ಇವುಗಳಲ್ಲಿಯೇ ನಮ್ಮಿಬ್ಬರನ್ನೂ ಓದಿಸಿ ದಡ ಮುಟ್ಟಿಸಿದವರು. ಕೈಯಲ್ಲಿ ಕೆಲಸ, ತುಟಿಯಲ್ಲಿ ಬೀಡಿ. ಇವೆರಡೂ ಅವರನ್ನು ಬಿಟ್ಟದ್ದನ್ನು ನಾನು ಬಾಲ್ಯದಿಂದಲೂ ಕಂಡವನಲ್ಲ. 2013ರಲ್ಲಿ, ಅವರಿಗೆ ಎಪ್ಪತ್ತೆರಡು ವರ್ಷವಾಗಿದ್ದಾಗ, ಮೂತ್ರದ ತೊಂದರೆಯೆಂದು ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿಸಿದೆವು. ಮೂತ್ರದ ತೊಂದರೆ ಮಾತ್ರೆಯಿಂದ ವಾಸಿಯಾಗುವಂಥದ್ದಾಗಿತ್ತು. ಆದರೆ ಹುಡುಕದೆಯೇ ಮತ್ತೊಂದು ಸಂಗತಿ ಅಲ್ಲಿ ಕಣ್ಣಿಗೆ ಬಿತ್ತು. ಹೃದಯದಿಂದ ಹೊರಟು, ಎದೆಯಲ್ಲಿ ಕೊಡೆಯ ಹಿಡಿಯಂತೆ ಬಾಗಿ, ಬೆನ್ನುಮೂಳೆಯ ಮುಂದೆ ಹೊಟ್ಟೆಗಿಳಿದು, ಹೊಕ್ಕುಳಿನ ಮಟ್ಟದಲ್ಲಿ ಎರಡು ಕಾಲುಗಳಿಗೆ ಕವಲೊಡೆಯುವ ದೊಡ್ಡ ರಕ್ತನಾಳವೊಂದಿದೆ, ಅದೇ ಮಹಾಪಧಮನಿ. ಹೊಟ್ಟೆಯ ಭಾಗದಲ್ಲಿ ಅದರ ಅಗಲ ಸಾಧಾರಣವಾಗಿ 2 ಸೆಂಟಿಮೀಟರ್. 3 ಸೆಂಟಿಮೀಟರ್ ಮುಟ್ಟಿದರೆ ಅದನ್ನು ಅನ್ಯೂರಿಸಂ, ಎಂದರೆ ರಕ್ತನಾಳದ ಉಬ್ಬು ಎನ್ನುತ್ತಾರೆ. ಅಪ್ಪನದು 4.3 ಇತ್ತು.

ಈ ಉಬ್ಬಿಗೆ ನೋವಿಲ್ಲ, ಜ್ವರವಿಲ್ಲ. ಹೆಚ್ಚಿನವರಿಗೆ ಅದು ಇರುವುದೇ ತಿಳಿಯುವುದಿಲ್ಲ. ಒಡೆದ ದಿನ ಮಾತ್ರ ಹೊಟ್ಟೆಯಲ್ಲೋ ಬೆನ್ನಿನಲ್ಲೋ ಸೀಳುವಂಥ ನೋವು ಹುಟ್ಟಿ ಮನುಷ್ಯ ಕುಸಿಯುತ್ತಾನೆ. ಹಾಗೆ ಒಡೆದವರಲ್ಲಿ ಬಹುಪಾಲು ಜನ ಬದುಕುವುದಿಲ್ಲ. ಅನೇಕರು ಆಸ್ಪತ್ರೆಯ ಬಾಗಿಲನ್ನೇ ಕಾಣುವುದಿಲ್ಲ.

ಊರಿನ ವೈದ್ಯರು ನಮ್ಮಿಬ್ಬರನ್ನು ಪಕ್ಕಕ್ಕೆ ಕರೆದು ಹೇಳಿದರು: “ಈಗಲೇ ಆಪರೇಷನ್ ಬೇಡ. ವರ್ಷಕ್ಕೊಮ್ಮೆ ಅಳತೆ ನೋಡೋಣ. ರಕ್ತದೊತ್ತಡ ಹತೋಟಿಯಲ್ಲಿರಲಿ. ಬೀಡಿ ಮಾತ್ರ ಇವತ್ತೇ ನಿಲ್ಲಬೇಕು.” ಆ ಮಾತು ಉದಾಸೀನದ್ದಾಗಿರಲಿಲ್ಲವೆಂಬುದು ನನಗೆ ಆಮೇಲೆ ಓದಿ ತಿಳಿಯಿತು. ಬ್ರಿಟನ್ನಿನಲ್ಲಿ 4ರಿಂದ 5.5 ಸೆಂಟಿಮೀಟರ್ ಅಗಲದ ಉಬ್ಬಿದ್ದ 1090 ಮಂದಿಯನ್ನು ಎರಡು ಪಂಗಡವಾಗಿಸಿ, ಒಂದು ಪಂಗಡಕ್ಕೆ ಕೂಡಲೇ ಶಸ್ತ್ರಚಿಕಿತ್ಸೆ ಮಾಡಿ, ಇನ್ನೊಂದನ್ನು ಸ್ಕ್ಯಾನ್ ಮಾಡುತ್ತ ಕಾದು ನೋಡಿದರು. 1998ರಲ್ಲಿ ಫಲಿತಾಂಶ ಹೊರಬಂದಾಗ, ಆತುರಪಟ್ಟು ಕೊಯ್ದವರು ಕಾದವರಿಗಿಂತ ಹೆಚ್ಚು ಕಾಲ ಬದುಕಿರಲಿಲ್ಲ. ಆದ್ದರಿಂದಲೇ ಇಂದಿಗೂ ಗಂಡಸರಲ್ಲಿ 5.5, ಹೆಂಗಸರಲ್ಲಿ 5 ಸೆಂಟಿಮೀಟರ್ ಮುಟ್ಟುವವರೆಗೆ, ಉಬ್ಬು ಬೇಗ ಬೇಗ ಬೆಳೆಯದಿದ್ದರೆ, ಕಾಯುವುದೇ ಚಿಕಿತ್ಸೆ.

ಆದರೆ ಕಾಯುವುದೆಂದರೆ ಸುಮ್ಮನಿರುವುದಲ್ಲ. ಕಾಯುವವನಿಗೆ ತಾನು ಏನನ್ನು ಕಾಯುತ್ತಿದ್ದೇನೆಂಬುದು ತಿಳಿದಿರಬೇಕು. ನಾವು ಮಾಡಿದ ತಪ್ಪು ಇಲ್ಲಿಯೇ. “ಅಪ್ಪನಿಗೆ ಹೇಳುವುದು ಬೇಡ, ಹೆದರಿಬಿಡುತ್ತಾರೆ” ಎಂದ ಅಣ್ಣ. ನಾನೂ ತಲೆಯಾಡಿಸಿದೆ. ವರ್ಷಕ್ಕೊಮ್ಮೆ ‘ಮೂತ್ರದ ಸ್ಕ್ಯಾನ್’ ಎಂದು ಕರೆದೊಯ್ದೆವು. “ಬೀಡಿ ಬಿಡಿ ಅಪ್ಪ” ಎಂದೆವು. ಅವರು ನಕ್ಕರು. ಆ ಮಾತನ್ನು ನಲವತ್ತು ವರ್ಷಗಳಿಂದ ಅಮ್ಮನ ಬಾಯಲ್ಲಿ ಕೇಳಿದವರು, ಕಾರಣ ಹೇಳದ ಮಕ್ಕಳ ಬಾಯಲ್ಲಿ ಕೇಳಿ ಏಕೆ ಬಿಟ್ಟಾರು?

2016ರಲ್ಲಿ ಅಳತೆ 5.6 ಆಯಿತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ರಕ್ತನಾಳದ ಶಸ್ತ್ರವೈದ್ಯರನ್ನು ಕಾಣಲು ಹೋದೆವು. ಆ ವಾರವಿಡೀ ಪರೀಕ್ಷೆಗಳು ನಡೆದವು. ಹೃದಯ ಪರವಾಗಿಲ್ಲ, ಮೂತ್ರಪಿಂಡ ಪರವಾಗಿಲ್ಲ, ಶ್ವಾಸಕೋಶ ಮಾತ್ರ ತೀರ ಸವೆದಿತ್ತು. ಕೊನೆಯ ದಿನ ಅಪ್ಪನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನಾವಿಬ್ಬರೂ ಒಳಗೆ ಹೋದೆವು. ಅಣ್ಣ ಫೈಲನ್ನು ಮೇಜಿನ ಮೇಲೆ ಬಿಚ್ಚಿಟ್ಟ.

“ರೋಗಿ ಎಲ್ಲಿ?” ಎಂದರು ವೈದ್ಯರು.

“ಹೊರಗಿದ್ದಾರೆ ಸರ್. ಅವರಿಗೆ ವಿಷಯ ಗೊತ್ತಿಲ್ಲ. ನಮಗೆ ಹೇಳಿ, ನಾವು ತೀರ್ಮಾನ ಮಾಡುತ್ತೇವೆ.”

ವೈದ್ಯರು ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟರು. “ಅವರಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲವೇ?”

“ಚೆನ್ನಾಗಿದೆ.”

“ಕಿವಿ ಕೇಳಿಸುವುದಿಲ್ಲವೇ?”

“ಕೇಳಿಸುತ್ತದೆ.”

“ಹಾಗಾದರೆ ಒಳಗೆ ಕರೆಯಿರಿ. ಹೊಟ್ಟೆ ಅವರದು.”

ಅಪ್ಪ ಬಂದು ಕುಳಿತರು. ವೈದ್ಯರು ಕಾಗದದ ಮೇಲೆ ಚಿತ್ರ ಬರೆದು, ಒಂದನ್ನೂ ಬಚ್ಚಿಡದೆ ಹೇಳಿದರು. ನಾನು ಅಪ್ಪನ ಮುಖವನ್ನೇ ನೋಡುತ್ತಿದ್ದೆ. ಹೆದರಿಕೆಯನ್ನು ಹುಡುಕುತ್ತಿದ್ದೆ. ಅಲ್ಲಿ ಕಂಡದ್ದು, ಅಂಗಡಿಗೆ ಬಂದ ಹಾಳಾದ ಸೈಕಲ್ಲನ್ನು ನೋಡುವಾಗ ಇರುತ್ತಿದ್ದ ಏಕಾಗ್ರತೆ.

“ಟೈರಿನ ನೂಲು ಸವೆದ ಕಡೆ ಟ್ಯೂಬು ಉಬ್ಬಿಕೊಂಡು ಬರುತ್ತದಲ್ಲ ಸ್ವಾಮಿ, ಹಾಗೆ ತಾನೇ?” ಎಂದರು.

“ಹಾಗೆಯೇ ಯಜಮಾನರೇ.”

“ಗಾಳಿ ಕಡಿಮೆ ಮಾಡಿದರೆ ಸ್ವಲ್ಪ ದಿನ ಓಡಿಸಬಹುದು.”

“ಅದಕ್ಕೇ ರಕ್ತದೊತ್ತಡದ ಮಾತ್ರೆ ಕೊಟ್ಟಿರುವುದು. ಆದರೆ ಈಗ ಉಬ್ಬು ದೊಡ್ಡದಾಗಿದೆ.”

ಆ ನಂತರ ಅವರು ವಿವರಿಸಿದ ದಾರಿಗಳನ್ನು ಓದುಗರಾದ ನಿಮಗೂ ತಿಳಿಸಬೇಕು. ನಾಳೆ ನಿಮ್ಮ ಮನೆಯವರೊಬ್ಬರು ಆ ಕುರ್ಚಿಯಲ್ಲಿ ಕೂರಬೇಕಾಗಿ ಬರಬಹುದು.

ಮೊದಲನೆಯದು ಹೊಟ್ಟೆ ತೆರೆದು ಮಾಡುವ ಶಸ್ತ್ರಚಿಕಿತ್ಸೆ. ಪೂರ್ಣ ಅರಿವಳಿಕೆ ಕೊಟ್ಟು, ಎದೆಗೂಡಿನ ಕೆಳಗಿನಿಂದ ಹೊಕ್ಕುಳಿನ ಕೆಳಗಿನವರೆಗೆ ಕೊಯ್ದು, ಉಬ್ಬಿನ ಮೇಲೂ ಕೆಳಗೂ ರಕ್ತನಾಳವನ್ನು ಇಕ್ಕಳದಿಂದ ಹಿಡಿದು, ಉಬ್ಬನ್ನು ಸೀಳಿ, ಆ ಜಾಗದಲ್ಲಿ ಡೇಕ್ರಾನ್ ಬಟ್ಟೆಯ ಕೊಳವೆಯನ್ನು ಹೊಲಿಯುತ್ತಾರೆ. ಪ್ಯಾರಿಸ್ಸಿನಲ್ಲಿ ಚಾರ್ಲ್ಸ್ ಡ್ಯುಬೋ ಎಂಬ ವೈದ್ಯರು 1951ರಲ್ಲಿ ಇಂಥ ಉಬ್ಬನ್ನು ತೆಗೆದು, ಸತ್ತವರೊಬ್ಬರ ರಕ್ತನಾಳವನ್ನು ಜೋಡಿಸಿದರು. ಬಟ್ಟೆಯ ಕೊಳವೆ ಬಂದದ್ದು ಅದರ ನಂತರ. ಅಮೆರಿಕದ ಹ್ಯೂಸ್ಟನ್ನಿನ ಮೈಕೇಲ್ ಡಿಬೇಕಿ ಎಂಬ ವೈದ್ಯರು ಅಂಗಡಿಯಿಂದ ಡೇಕ್ರಾನ್ ಬಟ್ಟೆ ಕೊಂಡು ತಂದು ಹೆಂಡತಿಯ ಹೊಲಿಗೆ ಯಂತ್ರದಲ್ಲಿ ಕೊಳವೆ ಹೊಲಿದರಂತೆ. ಈ ರಿಪೇರಿ ಬಹುಕಾಲ ಬಾಳುತ್ತದೆ. ಆದರೆ ದೇಹಕ್ಕೆ ಬೀಳುವ ಪೆಟ್ಟು ದೊಡ್ಡದು. ತೀವ್ರನಿಗಾ ಘಟಕದಲ್ಲಿ ಕೆಲವು ದಿನ, ಆಸ್ಪತ್ರೆಯಲ್ಲಿ ವಾರವೋ ಹತ್ತು ದಿನವೋ, ಪೂರ್ತಿ ಸುಧಾರಿಸಿಕೊಳ್ಳಲು ಎರಡು ಮೂರು ತಿಂಗಳು. ಗಟ್ಟಿಯಾದ ಹೃದಯವೂ ಶ್ವಾಸಕೋಶವೂ ಅದಕ್ಕೆ ಬೇಕು.

ಎರಡನೆಯದು ಒಳಗಿನಿಂದ ಮಾಡುವ ರಿಪೇರಿ. ಬ್ಯೂನಸ್ ಐರಿಸ್ ನಗರದಲ್ಲಿ ಹ್ವಾನ್ ಪರೋಡಿ ಎಂಬ ವೈದ್ಯರು 1990ರಲ್ಲಿ ಹೊಟ್ಟೆಯ ಉಬ್ಬಿಗೆ ಇದನ್ನು ಮೊದಲು ಮಾಡಿದರು. ತೊಡೆಸಂದಿನ ರಕ್ತನಾಳದ ಮೂಲಕ, ಲೋಹದ ಬಲೆಯ ಆಧಾರವುಳ್ಳ ಬಟ್ಟೆಯ ಕೊಳವೆಯನ್ನು ಮಡಿಸಿ ಒಳಕ್ಕೆ ಕಳುಹಿಸಿ, ಎಕ್ಸ್‌ರೇ ಪರದೆಯಲ್ಲಿ ನೋಡುತ್ತ ಉಬ್ಬಿನೊಳಗೆ ಅರಳಿಸುತ್ತಾರೆ. ಇದಕ್ಕೆ ಸ್ಟೆಂಟ್ ಗ್ರಾಫ್ಟ್ ಎಂದು ಹೆಸರು. ರಕ್ತ ಆ ಕೊಳವೆಯೊಳಗೆ ಹರಿಯುವುದರಿಂದ ಸವೆದ ಗೋಡೆಯ ಮೇಲಿನ ಒತ್ತಡ ತಗ್ಗುತ್ತದೆ. ಸೊಂಟದ ಕೆಳಗೆ ಮಾತ್ರ ಅರಿವಳಿಕೆ ಕೊಟ್ಟೂ ಮಾಡಬಹುದು; ಕೆಲವೇ ದಿನಗಳಲ್ಲಿ ಮನೆಗೆ ಮರಳಬಹುದು. ಆದರೆ ಮೂತ್ರಪಿಂಡಗಳಿಗೆ ಹೋಗುವ ಕವಲುಗಳ ಕೆಳಗೆ ಕೊಳವೆ ಕಚ್ಚಿಕೊಳ್ಳಲು ಒಂದಿಷ್ಟು ಒಳ್ಳೆಯ ಗೋಡೆ ಉಳಿದಿರಬೇಕು. ಖರ್ಚು ಲಕ್ಷಗಳ ಲೆಕ್ಕದ್ದು. ಅಂಚಿನಲ್ಲೋ ಪಕ್ಕದ ಸಣ್ಣ ನಾಳಗಳಿಂದಲೋ ಉಬ್ಬಿನೊಳಕ್ಕೆ ರಕ್ತ ಜಿನುಗುವ ಸಂಭವವಿರುವುದರಿಂದ ಜೀವನಪೂರ್ತಿ ಸ್ಕ್ಯಾನ್ ತಪ್ಪಿದ್ದಲ್ಲ.

ಇವೆರಡರಲ್ಲಿ ಯಾವುದು ಮೇಲು? ಬ್ರಿಟನ್ನಿನಲ್ಲಿ ಅರವತ್ತು ದಾಟಿದ ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಹೋಲಿಸಿ ನೋಡಿದಾಗ, ಮೊದಲ ಮೂವತ್ತು ದಿನಗಳಲ್ಲಿ ಹೊಟ್ಟೆ ತೆರೆದವರಲ್ಲಿ ನೂರಕ್ಕೆ 4.7 ಮಂದಿ, ಒಳಗಿನಿಂದ ರಿಪೇರಿ ಮಾಡಿಸಿಕೊಂಡವರಲ್ಲಿ ನೂರಕ್ಕೆ 1.7 ಮಂದಿ ತೀರಿಕೊಂಡಿದ್ದರು. ಆದರೆ ಕೆಲವೇ ವರ್ಷಗಳಲ್ಲಿ ಆ ಅಂತರ ಅಳಿಸಿಹೋಯಿತು. ಹದಿನೈದು ವರ್ಷಗಳ ಲೆಕ್ಕ 2016ರಲ್ಲಿ ಪ್ರಕಟವಾದಾಗ, ಎಂಟು ವರ್ಷ ಕಳೆದ ಮೇಲೆ ತೆರೆದ ಶಸ್ತ್ರಚಿಕಿತ್ಸೆಯೇ ಮೇಲೆಂದು ಕಂಡಿತು. ಅಂದರೆ ಮುಂದೆ ದೀರ್ಘಕಾಲ ಬಾಳುವ ಗಟ್ಟಿ ಶರೀರದವರಿಗೆ ಒಂದು ದಾರಿ, ವಯಸ್ಸಾಗಿ ಬಳಲಿದವರಿಗೆ ಇನ್ನೊಂದು.

ಮೂರನೆಯ ದಾರಿಯೂ ಇದೆ, ಏನನ್ನೂ ಮಾಡಿಸದಿರುವುದು. ಅದನ್ನೂ ವೈದ್ಯರು ಮುಚ್ಚಿಡಲಿಲ್ಲ. ತೆರೆದ ಶಸ್ತ್ರಚಿಕಿತ್ಸೆಯನ್ನು ತಾಳಲಾರದಷ್ಟು ಬಳಲಿದವರಲ್ಲಿ ಒಳಗಿನ ರಿಪೇರಿಯನ್ನೂ ಸುಮ್ಮನಿರುವುದನ್ನೂ ಹೋಲಿಸಿದ ಅಧ್ಯಯನವೊಂದಿದೆ. ಅಂಥವರಲ್ಲಿ ಉಬ್ಬಿನಿಂದಾಗುವ ಸಾವು ಕಾಲಕ್ರಮದಲ್ಲಿ ಕಡಿಮೆಯಾಯಿತು. ಒಟ್ಟು ಆಯುಷ್ಯ ಮಾತ್ರ ಹೆಚ್ಚಲಿಲ್ಲ. ಬೇರೆ ಕಾಯಿಲೆಗಳು ಅವರನ್ನು ಕರೆದೊಯ್ದವು.

“ನಿಮ್ಮ ಶ್ವಾಸಕೋಶ ನೋಡಿದರೆ ಹೊಟ್ಟೆ ತೆರೆಯಲು ನನಗೆ ಧೈರ್ಯವಿಲ್ಲ” ಎಂದರು ವೈದ್ಯರು. “ಒಳಗಿನಿಂದ ಮಾಡಬಹುದು. ಆದರೆ ಅದರಿಂದ ನೀವು ಹೆಚ್ಚು ವರ್ಷ ಬದುಕುತ್ತೀರಿ ಎಂದು ಮಾತು ಕೊಡಲಾರೆ. ಥಟ್ಟನೆ ಒಡೆದು ಸಾಯುವ ಭಯ ಕಡಿಮೆಯಾಗುತ್ತದೆ, ಅಷ್ಟೆ. ಯೋಚಿಸಿ.”

ಹೊರಗೆ ಬಂದೆವು. ಅಪ್ಪ ಮತ್ತೆ ಅದೇ ಬೆಂಚಿನ ಮೇಲೆ ಕುಳಿತರು. ಅಂಗಿಯ ಜೇಬಿನಿಂದ ಬೀಡಿಯ ಕಟ್ಟನ್ನೂ ಬೆಂಕಿಪೊಟ್ಟಣವನ್ನೂ ತೆಗೆದು ನನ್ನ ಕೈಗಿಟ್ಟರು. “ಎಷ್ಟು ವರ್ಷವಾಯಿತು ನಿಮಗೆ ಗೊತ್ತಾಗಿ?” ಎಂದು ಕೇಳಿದರು. ನಾನು ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಆವತ್ತೇ ಹೇಳಿದ್ದರೆ ಆವತ್ತೇ ಬಿಡುತ್ತಿದ್ದೆನಲ್ಲೋ ಮಗ” ಎಂದರು.

ಬೈದಿದ್ದರೆ ತಾಳಿಕೊಳ್ಳಬಹುದಿತ್ತು. ಧೂಮಪಾನವು ಈ ಉಬ್ಬು ಹುಟ್ಟಲೂ ಬೇಗ ಬೆಳೆಯಲೂ ಮುಖ್ಯ ಕಾರಣವೆಂಬುದು ನಮಗೆ ತಿಳಿದಿತ್ತು. ಆ ಮೂರು ವರ್ಷಗಳ ಹೊಗೆ ಉಬ್ಬನ್ನೂ ಹಿಗ್ಗಿಸಿತ್ತು, ಶ್ವಾಸಕೋಶವನ್ನೂ ಸವೆಸಿತ್ತು. ನಲವತ್ತು ವರ್ಷಗಳ ಬೀಡಿಯ ಹೊಣೆ ನಮ್ಮದಲ್ಲವೆಂದು ನೀವು ಸಮಾಧಾನ ಹೇಳಬಹುದು. ಆದರೆ ಕೊನೆಯ ಮೂರು ವರ್ಷಗಳ ಬೀಡಿಯಲ್ಲಿ ನಮಗೂ ಪಾಲಿತ್ತು. ಬೇಗ ನಿಲ್ಲಿಸಿದ್ದರೆ ಮೊದಲನೆಯ ದಾರಿಯೂ ಅವರಿಗೆ ತೆರೆದಿರುತ್ತಿತ್ತೋ ಏನೋ, ಅದನ್ನು ದೇವರೇ ಬಲ್ಲ. ಅವರನ್ನು ಹೆದರಿಕೆಯಿಂದ ಕಾಪಾಡುತ್ತಿದ್ದೇವೆಂದುಕೊಂಡಿದ್ದ ನಾವು, ನಿಜವಾಗಿ ಕಾಪಾಡುತ್ತಿದ್ದುದು ಅವರ ಮುಂದೆ ಆ ಮಾತನ್ನಾಡಬೇಕಾದ ಕಷ್ಟದಿಂದ ನಮ್ಮನ್ನೇ.

ಆ ರಾತ್ರಿ ಅಣ್ಣ “ಮಾಡಿಸಲೇಬೇಕು” ಎಂದ. ನಾನು “ಈ ವಯಸ್ಸಿನಲ್ಲಿ ಬೇಡ” ಎಂದೆ. ನಾವಿಬ್ಬರೂ ಮತ್ತೆ ಅಪ್ಪನನ್ನು ಹೊರಗಿಟ್ಟೇ ವಾದಿಸುತ್ತಿದ್ದೆವೆಂಬುದು ತಿಳಿಯಲು ತಡವಾಯಿತು. ಬೆಳಗ್ಗೆ ಅವರೇ ತೀರ್ಮಾನ ಹೇಳಿದರು. ಆ ಹೊತ್ತಿಗೆ ಅಮ್ಮನಿಗೆ ಮರೆವಿನ ಕಾಯಿಲೆ ಬಲಿತಿತ್ತು. ಮಕ್ಕಳಾದ ನಮ್ಮ ಗುರುತು ತಪ್ಪುತ್ತಿದ್ದರೂ ಅಪ್ಪನ ಕೈತುತ್ತನ್ನು ಮಾತ್ರ ಬಾಯಿ ತೆರೆದು ತೆಗೆದುಕೊಳ್ಳುತ್ತಿದ್ದಳು. “ನನಗೆ ಜಾಸ್ತಿ ವರ್ಷ ಬೇಡ. ಅವಳಿಗೆ ಅನ್ನ ಕಲಸುವಾಗ ಥಟ್ಟನೆ ಬಿದ್ದುಹೋಗಬಾರದು, ಅಷ್ಟೆ. ಒಳಗಿನಿಂದ ಆಸರೆ ಕೊಡಲಿ. ಸೈಕಲ್ಲಿಗೂ ಎಷ್ಟೋ ಸಲ ಹಾಗೆಯೇ ಮಾಡಿದ್ದೇನೆ” ಎಂದರು. ನಮ್ಮಿಬ್ಬರ ವಾದಗಳಲ್ಲಿ ಅಮ್ಮನ ಹೆಸರು ಒಮ್ಮೆಯೂ ಬಂದಿರಲಿಲ್ಲ.

ರಿಪೇರಿ ನಡೆಯಿತು. ನಾಲ್ಕನೆಯ ದಿನ ಹಾಸನದ ದಾರಿಯಾಗಿ ಊರಿಗೆ ಮರಳಿದೆವು.

ಆ ದಿನಗಳಲ್ಲಿ ನಾನು ಈ ಕಾಯಿಲೆಯ ಬಗ್ಗೆ ಓದುತ್ತ ಇಬ್ಬರು ಪ್ರಸಿದ್ಧ ವೃದ್ಧರನ್ನು ಕಂಡೆ. ಒಬ್ಬರು ಆಲ್ಬರ್ಟ್ ಐನ್‌ಸ್ಟೈನ್. 1948ರಲ್ಲಿ ಅವರ ಹೊಟ್ಟೆಯಲ್ಲಿ ಇಂಥದೇ ಉಬ್ಬು ಪತ್ತೆಯಾಯಿತು. ಕತ್ತರಿಸಿ ಜೋಡಿಸುವ ವಿದ್ಯೆ ಇನ್ನೂ ಬಂದಿರಲಿಲ್ಲವಾಗಿ, ರುಡಾಲ್ಫ್ ನಿಸ್ಸನ್ ಎಂಬ ವೈದ್ಯರು ಉಬ್ಬಿಗೆ ಹೊರಗಿನಿಂದ ಸೆಲ್ಲೋಫೇನ್ ಹಾಳೆ ಸುತ್ತಿದರು. ಅದರ ಸುತ್ತ ನಾರು ಬೆಳೆದು ಗೋಡೆ ಗಟ್ಟಿಯಾಗಲೆಂಬುದು ಉದ್ದೇಶ. ಆರು ವರ್ಷಗಳಿಗೂ ಹೆಚ್ಚು ಕಾಲ ಅದು ತಡೆಯಿತು. 1955ರ ಏಪ್ರಿಲ್‌ನಲ್ಲಿ ಉಬ್ಬು ಒಡೆದಾಗ ಹೊಸ ಶಸ್ತ್ರಚಿಕಿತ್ಸೆ ಮಾಡುವ ಸೂಚನೆ ಬಂತು. ಕೃತಕವಾಗಿ ಆಯುಷ್ಯವನ್ನು ಎಳೆಯುವುದು ತಮಗೆ ಬೇಡವೆಂದು ಅವರು ಒಪ್ಪಲಿಲ್ಲ. ಏಪ್ರಿಲ್ 18ರಂದು ಎಪ್ಪತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನೊಬ್ಬರು ಆ ಹೊಲಿಗೆ ಯಂತ್ರದ ಡಿಬೇಕಿಯವರೇ. 2005ರ ಡಿಸೆಂಬರ್ 31ರಂದು, ತೊಂಬತ್ತೇಳನೆಯ ವಯಸ್ಸಿನಲ್ಲಿ, ಎದೆಯೊಳಗಿನ ಅವರ ಮಹಾಪಧಮನಿಯ ಗೋಡೆಯೇ ಪದರ ಪದರವಾಗಿ ಸೀಳತೊಡಗಿತು. ಅವರು ಶಸ್ತ್ರಚಿಕಿತ್ಸೆ ಬೇಡವೆಂದಿದ್ದರು. ವಾರಗಳ ನಂತರ ಪ್ರಜ್ಞೆ ತಪ್ಪಿದಾಗ, ಮಾಡಬೇಕೋ ಬೇಡವೋ ಎಂದು ಆಸ್ಪತ್ರೆಯಲ್ಲಿ ಬಿರುಸಿನ ಚರ್ಚೆ ನಡೆದು, ಹೆಂಡತಿಯ ಒತ್ತಾಯದಿಂದ 2006ರ ಫೆಬ್ರವರಿಯಲ್ಲಿ, ಅವರೇ ರೂಪಿಸಿದ್ದ ಶಸ್ತ್ರಚಿಕಿತ್ಸೆಯನ್ನು ಅವರಿಗೇ ಮಾಡಿದರು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಂಡರು; ಮಾಡಿದ್ದು ಒಳ್ಳೆಯದಾಯಿತೆಂದರು; 2008ರ ಜುಲೈವರೆಗೆ ಬದುಕಿದರು.

ಹಾಗಾದರೆ ಸರಿಯಾದವರು ಯಾರು? ಬೇಡವೆಂದವರೋ, ಬೇಡವೆಂದರೂ ಮಾಡಿಸಿದವರೋ? ಈ ಪ್ರಶ್ನೆ ನನ್ನನ್ನು ಬಹಳ ಕಾಡಿತು. 1957ರ ನವೆಂಬರ್‌ನಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರು ಅರಿವಳಿಕೆ ವೈದ್ಯರೊಂದಿಗೆ ಮಾತನಾಡುತ್ತ ಕೊಟ್ಟ ಬೋಧನೆಯಲ್ಲಿ ನನಗೆ ಸ್ವಲ್ಪ ಬೆಳಕು ಸಿಕ್ಕಿತು. ಜೀವವನ್ನು ಕಾಪಾಡಿಕೊಳ್ಳಲು ಸಾಧಾರಣ ಉಪಾಯಗಳನ್ನು ಬಳಸುವುದು ಕರ್ತವ್ಯ. ಅಸಾಧಾರಣವಾದ, ತನಗಾಗಲಿ ಇತರರಿಗಾಗಲಿ ಮಿತಿಮೀರಿದ ಹೊರೆಯಾಗುವ ಉಪಾಯಗಳಿಗೆ ಯಾರೂ ಬದ್ಧರಲ್ಲ. ಯಾವುದು ಸಾಧಾರಣ, ಯಾವುದು ಅಸಾಧಾರಣ ಎಂಬುದು ವ್ಯಕ್ತಿ, ಸ್ಥಳ, ಕಾಲಗಳನ್ನು ಅವಲಂಬಿಸಿದೆ. ಹಾಗೆಂದರೆ ಉತ್ತರವು ಚಿಕಿತ್ಸೆಯ ಹೆಸರಿನಲ್ಲಿಲ್ಲ. ಅದನ್ನು ಪಡೆಯುವ ಮನುಷ್ಯನ ಬದುಕಿನಲ್ಲಿದೆ. ಆ ಬದುಕನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಇದರ ಅರ್ಥವನ್ನು ನನಗೆ ಕಲಿಸಿದವರೂ ಅಪ್ಪನೇ. ಎರಡು ವರ್ಷ ತಪ್ಪದೆ ಸ್ಕ್ಯಾನ್‌ಗೆ ಬಂದರು. ಎರಡನೆಯ ವರ್ಷ ಉಬ್ಬಿನೊಳಗೆ ಸಣ್ಣದೊಂದು ಜಿನುಗು ಕಂಡಿತು. ಉಬ್ಬು ಬೆಳೆದಿರಲಿಲ್ಲವಾದ್ದರಿಂದ ಕಾದು ನೋಡೋಣವೆಂದರು ವೈದ್ಯರು. 2018ರ ಮಳೆಗಾಲದಲ್ಲಿ ಅಮ್ಮ ತೀರಿಕೊಂಡಳು. ಮರುವರ್ಷ ಬೆಂಗಳೂರಿಗೆ ಹೊರಡೋಣವೆಂದಾಗ ಅಪ್ಪ, “ಇನ್ನು ಸಾಕು ಮಗ. ಯಾವುದಕ್ಕೆ ಹಾಕಿಸಿಕೊಂಡೆನೋ ಆ ಕೆಲಸ ಅದು ಮಾಡಿಕೊಟ್ಟಿದೆ” ಎಂದರು. ಈ ಸಲ ನಾವು ವಾದಿಸಲಿಲ್ಲ. ಸ್ಕ್ಯಾನ್ ಬಿಟ್ಟರೆ ಏನಾಗಬಹುದೆಂದು ಮಾತ್ರ ಬಿಡಿಸಿ ಹೇಳಿ, ಅವರಿಗೆ ಅರ್ಥವಾಗಿದೆಯೆಂದು ಖಚಿತಪಡಿಸಿಕೊಂಡೆವು. 2016ರಲ್ಲಿ ಅವರಿಗೆ ಕರ್ತವ್ಯವಾಗಿದ್ದದ್ದು 2019ರಲ್ಲಿ ಹೊರೆಯಾಗಿತ್ತು. ಅವರ ಉಬ್ಬು ಒಡೆಯಲಿಲ್ಲ. 2020ರ ಫೆಬ್ರವರಿಯಲ್ಲಿ, ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಉಸಿರಿನ ತೊಂದರೆ ಹೆಚ್ಚಾಗಿ, ಗುರುಗಳಿಂದ ಅಭ್ಯಂಗ ಪಡೆದು, ತಮ್ಮ ಮಂಚದ ಮೇಲೆಯೇ ಕಣ್ಮುಚ್ಚಿದರು.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿ ಅರವತ್ತೈದು ದಾಟಿದ, ಬೀಡಿ ಸಿಗರೇಟು ಸೇದುವ ಅಥವಾ ಸೇದಿ ಬಿಟ್ಟ ಗಂಡಸರಿದ್ದರೆ, ಅಥವಾ ವಂಶದಲ್ಲಿ ಈ ಕಾಯಿಲೆಯಿದ್ದರೆ, ಹೊಟ್ಟೆಯ ಅಲ್ಟ್ರಾಸೌಂಡ್ ಬಗ್ಗೆ ವೈದ್ಯರನ್ನು ಒಮ್ಮೆ ವಿಚಾರಿಸಿರಿ. ನೋವಿಲ್ಲದ, ಕೆಲವೇ ನಿಮಿಷಗಳ ಪರೀಕ್ಷೆಯದು. ಇಂಗ್ಲೆಂಡಿನಲ್ಲಿ ಅರವತ್ತೈದು ತುಂಬುವ ಗಂಡಸರಿಗೆಲ್ಲ ಕರೆ ಕಳುಹಿಸಿ ಮಾಡುತ್ತಾರೆ. ಉಬ್ಬು ಕಂಡರೆ ಗಾಬರಿಪಡಬೇಡಿರಿ. ಅಳತೆ ಎಷ್ಟು, ಕಾಯಬಹುದೇ, ಹೊಟ್ಟೆ ತೆರೆಯುವುದನ್ನು ದೇಹ ತಾಳೀತೇ, ಒಳಗಿನಿಂದ ಮಾಡಲು ರಕ್ತನಾಳದ ಆಕಾರ ಒಪ್ಪುತ್ತದೆಯೇ, ಏನೂ ಮಾಡದಿದ್ದರೆ ಮುಂದೇನು ಎಂದು ಒಂದೊಂದಾಗಿ ಕೇಳಿರಿ. ಆದರೆ ಕೇಳುವಾಗ ಆ ಹಿರಿಯರು ನಿಮ್ಮ ಪಕ್ಕದ ಕುರ್ಚಿಯಲ್ಲಿರಲಿ.

ಅವರ ಬೀಡಿಯ ಕಟ್ಟು ಇಂದಿಗೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಎಸೆಯಲು ಮನಸ್ಸಾಗಿಲ್ಲ. ಅದರಲ್ಲಿ ಒಂಬತ್ತು ಬೀಡಿಗಳು ಹಾಗೆಯೇ ಉಳಿದಿವೆ.